ಒಂದು ಪಕ್ಕೆಲುಬು ಕೆಳಗೆ

ಮಜ್ಜಿಗೆಗೆ ಉಪ್ಪನ್ನು ಯಾವಾಗ ಹಾಕಬೇಕು ಎಂಬ ವಿಷಯದಲ್ಲಿ ನಿಮ್ಮ ಮನೆಯಲ್ಲಿ ಒಮ್ಮತವಿದ್ದರೆ ನೀವು ಪುಣ್ಯವಂತರು. ಆದರೆ ನಿಮ್ಮ ಊಟದ ಹೊತ್ತು ಎಷ್ಟು ಸಪ್ಪೆಯಾಗಿರಬಹುದೆಂದು ನೆನೆದು ನನಗೆ ತುಸು ಕನಿಕರವೂ ಆಗುತ್ತದೆ. ನಮ್ಮದು ನಾರಾಯಣಪೇಟೆಯ ನೇಕಾರರ ಓಣಿಗೆ ಬೆನ್ನು ಕೊಟ್ಟ ಕಲ್ಲಿನ ಮನೆ. ಅಲ್ಲಿ ಈ ಪ್ರಶ್ನೆ ನಾನು ಮದುವೆಯಾಗಿ ಬಂದ ವರ್ಷವೇ ಎದ್ದಿತು. ಕಡೆಯುವಾಗಲೇ ಉಪ್ಪು ಬೀಳಬೇಕೆಂದು ನಾನು, ಅದು ಉಣ್ಣುವವನ ನಾಲಗೆಗೆ ಬಿಟ್ಟ ವಿಷಯವೆಂದು ನಮ್ಮವರು. ಗೋಡೆಯಾಚೆ ಮಗ್ಗಗಳು ಬೆಳಗಿನಿಂದ ಬಡಿದುಕೊಳ್ಳುತ್ತಿದ್ದವು, ಗೋಡೆಯೀಚೆ ನಾವಿಬ್ಬರು. ಮಗ್ಗದವರು ಸಂಜೆಗೆ ಒಂದಿಷ್ಟು ಸೀರೆಯನ್ನಾದರೂ ನೇಯುತ್ತಿದ್ದರು. ನಮ್ಮ ದುಡಿಮೆಗೆ ಹಾಗೆ ಮಡಿಚಿಡುವಂಥ ಫಲವೇನೂ ಇರಲಿಲ್ಲ. ಆದರೂ ನಾವು ಒಂದು ದಿನವೂ ರಜೆ ಹಾಕಲಿಲ್ಲ.

ನಮ್ಮವರು ಮಕ್ತಲ್ ತಹಸೀಲು ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದು, ಪೊಲೀಸ್ ಆಕ್ಷನ್ ಆಗಿ ಸಂಸ್ಥಾನ ಭಾರತಕ್ಕೆ ಸೇರಿದಮೇಲೂ ಬಹುಕಾಲ ಉರ್ದುವಿನಲ್ಲೇ ಬರೆದು, ಮನೆಗೆ ಬಂದು ಕನ್ನಡದಲ್ಲಿ ಜಗಳವಾಡುತ್ತಿದ್ದರು. ಜಗಳವೆಂದರೆ ಕೆಟ್ಟ ಮಾತೆಂದು ತಿಳಿಯಬೇಡಿ. ಕೈಯೆತ್ತಿದ್ದಿಲ್ಲ, ಊಟ ಬಿಟ್ಟದ್ದಿಲ್ಲ, ತವರಿಗೆ ಗಂಟು ಕಟ್ಟಿದ್ದಿಲ್ಲ. ಅತ್ತೆ, ಮಾವ, ಬಂದು ಹೋಗುವ ನೆಂಟರು ತುಂಬಿದ ಮನೆಯಲ್ಲಿ ಗಂಡಹೆಂಡಿರು ಪಕ್ಕದಲ್ಲಿ ಕೂತು ಮಾತಾಡುವ ಪದ್ಧತಿಯೇ ಇರಲಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಜಗಳವಾಡಿದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಹೀಗಾಗಿ ಒಬ್ಬರ ಮುಖ ಒಬ್ಬರು ನೋಡಲಿಕ್ಕೆ ನಮಗೆ ಜಗಳವೇ ಬೇಕಿತ್ತು.

ನಮ್ಮ ಜಗಳಗಳ ಅಡಿಯಲ್ಲಿ ಹುದುಗಿದ್ದ ನಿಜವಾದ ವಿಷಯ ಮಾತ್ರ ಉಪ್ಪಲ್ಲ, ಚುಟ್ಟಾ. ತಂಬಾಕಿನೆಲೆಯನ್ನು ಬೆರಳುದ್ದ ಸುತ್ತಿ, ತುದಿಗೆ ಬೆಂಕಿ ಹಚ್ಚಿ ಸೇದುವ ಆ ವಸ್ತು ವೈಷ್ಣವರ ಮನೆಯಲ್ಲಿ ಇರುವಂತಿಲ್ಲ; ಇದ್ದರೂ ಅದು ಇದೆಯೆಂದು ಬಾಯಿಂದ ಬರುವಂತಿಲ್ಲ. ನಮ್ಮವರು ದನದ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದರು. ಎಲ್ಲಿಗೆ ಹೋಗಿದ್ದೆಯೆಂದು ಅತ್ತೆ ಕೇಳಿದರೆ ಕರುವಿಗೆ ನೀರು ಕುಡಿಸಲು ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ಹೈದರಾಬಾದ್ ಸಂಸ್ಥಾನದಲ್ಲೆಲ್ಲ ನಮ್ಮ ಕರುವಿನಷ್ಟು ನೀರು ಕುಡಿದ ಪ್ರಾಣಿ ಇನ್ನೊಂದಿರಲಾರದು. ಬರುವಾಗ ಬಾಯಲ್ಲಿ ತುಳಸಿ. ಎಲ್ಲರಿಗೂ ಗೊತ್ತು, ಎಲ್ಲರಿಗೂ ಗೊತ್ತೆಂಬುದೂ ಎಲ್ಲರಿಗೆ ಗೊತ್ತು, ಆದರೆ ಅತ್ತೆಯ ಎದುರಿಗೆ ಆ ಹೆಸರು ಎತ್ತುವುದು ಅವರ ಮಡಿಗೆ ಮಾಡುವ ಅಪಚಾರ. ಆದ್ದರಿಂದ ನಾನು ಚುಟ್ಟಾದ ಸಿಟ್ಟನ್ನು ಉಪ್ಪಿನ ಹೆಸರಿನಲ್ಲಿ, ಕೊಡೆಯ ಹೆಸರಿನಲ್ಲಿ, ಧೋತರದ ಅಂಚಿನ ಹೆಸರಿನಲ್ಲಿ ತೀರಿಸಿಕೊಳ್ಳುತ್ತಿದ್ದೆ. ಅವರಿಗೂ ಅದು ತಿಳಿಯುತ್ತಿತ್ತು.

ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ಹೈದರಾಬಾದ್ ರಾಜ್ಯವನ್ನೇ ಭಾಷೆ ನೋಡಿ ಹಂಚುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ನಾದಿನಿ ಗಂಗಕ್ಕನನ್ನು ಕೊಟ್ಟದ್ದು ಗದ್ವಾಲಕ್ಕೆ. ಅವಳ ಮಗಳ ನಾಮಕರಣಕ್ಕೆಂದು ಅತ್ತೆ, ನಾನು, ನಮ್ಮವರು ಮೂವರೂ ಹೊರಟೆವು. ಮಕ್ತಲ್ ದಾಟಿ, ಕೃಷ್ಣೆಯನ್ನು ಹರಗೋಲಿನಲ್ಲಿ ಹಾಯ್ದು, ಆಚೆ ದಂಡೆಯ ಏರು ಹತ್ತುವಾಗ ನಮ್ಮವರು ಅರ್ಧದಲ್ಲಿ ನಿಂತುಬಿಟ್ಟರು. ತುಟಿ ನೀಲಿಗಟ್ಟಿತ್ತು, ಎದೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು, ನನ್ನ ಮಾತಿಗೆ ಮರುಮಾತಿರಲಿಲ್ಲ. ಹರಗೋಲಿನ ಬೀರಪ್ಪ ಹುಟ್ಟನ್ನು ಕೆಳಗಿಟ್ಟು ಓಡಿ ಬಂದು, "ಕುಂದ್ರಿಸ್ರೆವ್ವಾ, ಮಾತಾಡಾಕ ಹಚ್ಚಬ್ಯಾಡ್ರಿ, ದಮ್ಮು ಹತ್ತೈತಿ" ಎಂದು ಅವರನ್ನು ಕಲ್ಲಿಗೆ ಒರಗಿಸಿದ. ಮರುಮಾತಿಲ್ಲದ ಗಂಡನನ್ನು ನಾನು ನೋಡಿದ್ದು ಅದೇ ಮೊದಲು.

ಗದ್ವಾಲದಲ್ಲಿ ಆಗ ಒಬ್ಬ ಹೊಸ ಡಾಕ್ಟರ್ ಸಾಹೇಬರಿದ್ದರು. ಅಲ್ಲಿಯವರೇ, ಹೈದರಾಬಾದಿನಲ್ಲಿ ಓದಿ ಬಂದವರು. ಅವರ ಬಳಿ ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವಿತ್ತು. ಬ್ಯಾಟರಿಯ ಮೇಲೆ ನಡೆಯುವ ಮರದ ಪೆಟ್ಟಿಗೆ. ನೋಡಿದರೆ ಹಾರ್ಮೋನಿಯಂ ಎನ್ನಬೇಕು. ಮುಂಗೈಗೆ, ಕಣಕಾಲಿಗೆ ತಗಡಿನ ಪಟ್ಟಿ ಕಟ್ಟಿ, ರಬ್ಬರಿನ ಬುರುಡೆಯುಳ್ಳ ಪುಟ್ಟ ಬಟ್ಟಲೊಂದನ್ನು ಎದೆಗೆ ಅಂಟಿಸಿ, ಅದನ್ನು ಎಡಕ್ಕೆ ಎಡಕ್ಕೆ ಸರಿಸುತ್ತ ಅವರು ಗೆರೆ ತೆಗೆದರು. ನಡುವೆ ರೂಢಿಯಂತೆ ಪ್ರಶ್ನೆ ಕೇಳಿದರು. ತಂಬಾಕಿನ ಚಟ ಉಂಟೇ ಎಂದಾಗ ನಮ್ಮವರು ಇಲ್ಲವೆಂದರು. ಗಂಗಕ್ಕ ಛೇ ಛೇ ಎಂದಳು. ಅತ್ತೆ ಕಣ್ಣು ಮುಚ್ಚಿ, "ನಮ್ಮದು ಆಚಾರದ ಮನಿ ಅದರಿ" ಎಂದರು. ನಾನು ಸೀರೆಯ ಸೆರಗಿನ ಅಂಚನ್ನು ಎಳೆ ಎಳೆಯಾಗಿ ಪರೀಕ್ಷಿಸುತ್ತಿದ್ದೆ.

ಗೆರೆ ಹೇಳಿದ ಸುದ್ದಿ ಇದು. ಎದೆಯ ಎಡಭಾಗದಲ್ಲಿ ಎದ್ದು ನಿಲ್ಲಬೇಕಾದ ಮೊನೆ ಏಳಲೇ ಇಲ್ಲ, ಅಂದರೆ ಅಲ್ಲಿಯ ಹೃದಯದ ಮಾಂಸ ಸತ್ತಿದೆ, ಅಂದರೆ ಹಿಂದೆ ಎಂದೋ ಒಮ್ಮೆ ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ಯಾರಿಗೂ ತಿಳಿದಿಲ್ಲ. ಇನ್ನು ಭಾರ ಎತ್ತಬಾರದು, ಏರು ಹತ್ತಬಾರದು, ಉಪ್ಪು ಕಡಿಮೆ. ಕೊನೆಗೆ ಸಾಹೇಬರು ದನಿ ತಗ್ಗಿಸಿ, "ಇವರಿಗೆ ಸಿಟ್ಟು ಬರಬಾರದು. ಮನಿಯೊಳಗ ಜಗಳ ಬಿಲ್ಕುಲ್ ಆಗಬಾರದು" ಎಂದರು. ಅವರಿಗೆ ನಮ್ಮ ಮನೆಯ ಸಮಾಚಾರ ಏನೂ ಗೊತ್ತಿರಲಿಲ್ಲ. ಆದರೆ ಅತ್ತೆಯೂ ಗಂಗಕ್ಕನೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ಆಗಿಹೋದ ಆಘಾತಕ್ಕೆ ಒಂದು ದಿನ ಬೇಕಲ್ಲ, ಅದನ್ನು ಗೊತ್ತುಮಾಡಲು ಗದ್ವಾಲದ ಪಡಸಾಲೆಯಲ್ಲಿ ಸಭೆ ಕೂಡಿತು. ನಮ್ಮ ಕಡೆ ಯಾವ ಮಾತಿನ ಕಾಲ ಹುಡುಕಬೇಕಾದರೂ ರಜಾಕಾರರ ಗಲಾಟೆಯ ಮೊದಲೋ ಆಮೇಲೋ ಎಂದು ಕೇಳುತ್ತೇವೆ; ಕೂಸು ಹುಟ್ಟಿದ್ದು, ಎಮ್ಮೆ ಕೊಂಡದ್ದು, ಹಲ್ಲು ಬಿದ್ದದ್ದು ಎಲ್ಲಕ್ಕೂ ಅದೇ ಗಡಿಗಲ್ಲು. ಅತ್ತೆಯ ಪ್ರಕಾರ ಅದು ರಜಾಕಾರರ ಭಯಕ್ಕೆ ಮನೆ ಬಿಟ್ಟು, ಕೃಷ್ಣೆ, ತುಂಗಭದ್ರೆ ಎರಡನ್ನೂ ದಾಟಿ, ಮಂತ್ರಾಲಯದ ಕಡೆ ಹೋದ ದಿನ. ಅಂದು ಎಲ್ಲರೂ ದೇವರ ಪೆಟ್ಟಿಗೆ, ಬಂಗಾರ ಹೊತ್ತರೆ ಅತ್ತೆ ತಮ್ಮ ಬೀಸುವ ಕಲ್ಲಿಲ್ಲದೆ ಹೊಸ್ತಿಲು ದಾಟುವುದಿಲ್ಲವೆಂದು ಕೂತಿದ್ದರು. ಆ ಕಲ್ಲನ್ನು ನಮ್ಮವರು ಕೃಷ್ಣೆಯ ದಂಡೆಯವರೆಗೆ ಹೆಗಲ ಮೇಲೆ ಹೊತ್ತರು. "ಅವತ್ತೇ ನನ್ನ ಮಗನ ಎದಿ ಒಡೀತು" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಒರೆಸುವಿಕೆಯಲ್ಲಿ ಕಲ್ಲು ಉಳಿದ ಸಮಾಧಾನವೂ ಇತ್ತು. ಗಂಗಕ್ಕ ಅಷ್ಟು ದೂರ ಹೋಗಲಿಲ್ಲ. "ಒಂದ ದಿನ ಅಂತ ಯಾಕ ಹುಡುಕತೀರಿ? ವೈನಿ ಬಾಯಿ ದಿನಾ ನಡದದ" ಎಂದು ಅಣ್ಣನ ಹೆಂಡತಿಯಾದ ನನ್ನ ಕಡೆ ಬೆರಳು ತೋರಿದಳು.

ನನ್ನ ಮನಸ್ಸಿನಲ್ಲಿ ಇನ್ನೊಂದು ದಿನವಿತ್ತು, ಅದನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಮಕ್ತಲ್ ಕಚೇರಿಯಲ್ಲಿ ನಮ್ಮವರಿಗೆ ಉರ್ದು ತಿದ್ದಿಸಿದವರು, ತಪ್ಪಿದರೆ ಗದರಿದವರು, ಚುಟ್ಟಾದ ರುಚಿ ಹತ್ತಿಸಿದವರೂ ಒಬ್ಬ ವೃದ್ಧ ಮುಸಲ್ಮಾನ ಹೆಡ್ ಗುಮಾಸ್ತರು. ಆಕ್ಷನ್‌ಗೆ ಮೊದಲು ನಾವು ಹೆದರಿ ಓಡಿದೆವು, ಆಮೇಲೆ ಅವರು ಹೆದರುವ ಸರದಿ ಬಂತು. ಒಂದು ಬೆಳಿಗ್ಗೆ ಅವರು ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಕೂರಿಸಿಕೊಂಡು ಊರು ಬಿಟ್ಟರು. ಅವರನ್ನು ಊರಾಚೆಯ ತನಕ ಕಳಿಸಿಕೊಟ್ಟು ಬಂದ ನಮ್ಮವರು ಅಂದು ಉಪ್ಪಿಲ್ಲದ ಮಜ್ಜಿಗೆಯನ್ನು ಉಪ್ಪನ್ನೂ ಕೇಳದೆ ಉಂಡು ಎದ್ದರು. ಎದೆ ಒಡೆದಿದ್ದರೆ ಆ ದಿನವೇ ಒಡೆದಿರಬೇಕು ಎಂದುಕೊಂಡೆ. ಆ ಯಂತ್ರವನ್ನು ನಾವೆಲ್ಲ ಅಷ್ಟು ಬೇಗ ನಂಬಿದ್ದೂ ಇದಕ್ಕೇ ಇರಬೇಕು. ಆ ವರ್ಷಗಳಲ್ಲಿ ಎದೆಗೆ ಪೆಟ್ಟು ಬೀಳದವರು ನಮ್ಮ ಸೀಮೆಯಲ್ಲಿ ಯಾರಿದ್ದರು ಹೇಳಿ. ಮೂಲೆಯಲ್ಲಿ ದಿಂಬಿಗೆ ಒರಗಿದ್ದ ನಮ್ಮವರನ್ನು ಕೇಳಿದರೆ, ಅಟ್ಯಾಕ್ ಆದದ್ದು ತನ್ನ ಮದುವೆಯ ದಿನ, ಅಂತರಪಟ ಸರಿಸಿದಾಗ ಎಂದರು. ಮರುಮಾತು ಕೊಡಬಾರದೆಂದು ನನಗೆ ಆಜ್ಞೆಯಾಗಿತ್ತಲ್ಲ, ನುಂಗಿಕೊಂಡೆ.

ಊರಿಗೆ ಬಂದಮೇಲೆ ನಮ್ಮ ಮನೆ ದೇವಸ್ಥಾನವಾಯಿತು. ಸದ್ದಿಲ್ಲ, ಸುಳಿವಿಲ್ಲ. ನಾನು ಮಜ್ಜಿಗೆಯನ್ನು ಅವರು ಹೇಳಿದಂತೆ ಬಡಿಸಿದೆ. ಕೊಡೆ ಎಲ್ಲಿ ಬಿಟ್ಟುಬಂದರೂ ಕೇಳಲಿಲ್ಲ. ಓಣಿಯ ನೇಕಾರರ ಹೆಂಗಸರು ಗೋಡೆಯ ಮೇಲಿಂದ ಇಣುಕಿ, ಊರಲ್ಲಿಲ್ಲವೇನೆಂದು ವಿಚಾರಿಸಿ ಹೋದರು. ಮೊದಲ ವಾರ ನಮ್ಮವರಿಗೆ ಇದು ಸ್ವರ್ಗ. ಆಮೇಲೆ ಅವರೇ ಬಂದು ಅಡುಗೆಮನೆಯ ಬಾಗಿಲಿಗೆ ನಿಂತು, ಸಾರು ನೀರಾಗಿದೆ, ಅನ್ನ ಮುದ್ದೆಯಾಗಿದೆ ಎಂದು ಗಾಳ ಹಾಕತೊಡಗಿದರು. "ಆಯ್ತು, ನಾಳಿಗೆ ಸುಧಾರಸ್ತೀನಿ" ಎನ್ನುತ್ತಿದ್ದೆ. ಅವರು ಸ್ವಲ್ಪ ಹೊತ್ತು ನಿಂತು, ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಿದ್ದರು. ಎಲ್ಲಿಗೆ? ಕರುವಿಗೆ ನೀರು ಕುಡಿಸಲು. ಹೃದ್ರೋಗಿಯನ್ನು ತಡೆಯುವವರಿಲ್ಲ, ಉಪ್ಪಿನ ನೆಪದಲ್ಲೂ ಬೈಯುವವರಿಲ್ಲ. ರಜೆಯಲ್ಲಿ ಮನೆಯಲ್ಲಿದ್ದ ಮನುಷ್ಯ ಹೊತ್ತಿಲ್ಲದ ಹೊತ್ತಿನಲ್ಲಿ ಕೊಟ್ಟಿಗೆಯ ಹಿಂದೆ ಕಾಣದಾಗುತ್ತಿದ್ದರು. ಕೆಮ್ಮು ಹೆಚ್ಚಿತು. ಪಡಸಾಲೆಯಿಂದ ಹಿತ್ತಿಲಿಗೆ ನಡೆದರೂ ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಬಾಯಿ ತೆರೆದರೆ ಆ ಸತ್ತ ಮಾಂಸದ ಮೇಲೆ ಇನ್ನೊಂದು ಪೆಟ್ಟು ಬೀಳುತ್ತದೆ, ತೆರೆಯದಿದ್ದರೆ ಅವರು ನನ್ನ ಕಣ್ಣೆದುರಿಗೇ ಕರಗುತ್ತಾರೆ. ಹಿತ್ತಿಲಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಾನು ಅತ್ತದ್ದುಂಟು. ನನಗೆ ಅವರು ಬೇಕಾಗಿದ್ದರು, ಮರುಮಾತಿನ ಸಮೇತ ಬೇಕಾಗಿದ್ದರು.

ಮತ್ತೆ ಗದ್ವಾಲಕ್ಕೆ ಹೋದೆವು. ಈ ಸಲ ದಂಡೆಯ ಏರನ್ನು ನಮ್ಮವರು ಹತ್ತಲೇ ಇಲ್ಲ, ಬೀರಪ್ಪನೂ ಇನ್ನೊಬ್ಬನೂ ಕೈಕುರ್ಚಿ ಮಾಡಿ ಎತ್ತಿಕೊಂಡು ಹೋದರು. ಸಾಹೇಬರು ಮತ್ತೆ ಗೆರೆ ತೆಗೆದರು. ಅದೇ ಗೆರೆ, ಏಳದ ಅದೇ ಮೊನೆ. ಹೃದಯ ಸೋಲುತ್ತಿದೆಯೆಂದರು. ನೌಕರಿ ಬಿಡಿಸಬೇಕು, ಹಾಸಿಗೆ ಬಿಟ್ಟು ಏಳಬಾರದು, ಆಮೇಲೂ ಎಷ್ಟು ಕಾಲವೋ ಹೇಳಲಾಗದು ಎಂದರು. ಅತ್ತೆ ರಾಯರ ಹೆಸರು ಹಿಡಿದು ಕೂಗಿಕೊಂಡರು. ನಮ್ಮವರು ಮಂಚದ ಮೇಲೆ ಕೂತು, ಎಲ್ಲ ದೇವರ ಇಚ್ಛೆ ಎಂಬಂತೆ ಸಾಧುಮುಖ ಮಾಡಿಕೊಂಡಿದ್ದರು. ಆ ಮುಖ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಿಂಗಳುಗಟ್ಟಲೆ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಒಡೆಯಿತು.

"ದೇವರನ್ನ ಯಾಕ ನಡುವ ತರತೀರಿ? ಮದಲ ಆ ಚುಟ್ಟಾ ಬಿಡ್ರಿ. ಮುಂಜಾನಿಂದ ಸಂಜಿ ತನಕ ಕೊಟ್ಟಿಗಿ ಹಿಂದ ಹೊಗಿ ಬಿಟಗೋತ ಕೂತರ ಯಾ ರಾಯರು ಕಾಯತಾರ ನಿಮ್ಮನ್ನ?"

ಗಂಗಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸಾಹೇಬರು ನಿಧಾನವಾಗಿ ಕನ್ನಡಕ ತೆಗೆದು, ತಂಬಾಕು ಇಲ್ಲವೆಂದು ಎಲ್ಲರೂ ಕೂಡಿ ಹೇಳಿದ್ದಿರಲ್ಲ, ಎಂದರು. ನಾನು ಅತ್ತೆಯ ಕಡೆ ನೋಡಲಿಲ್ಲ; ನೋಡುವ ಧೈರ್ಯವಿರಲಿಲ್ಲ. ಅತ್ತೆಯೇ ಮಾತಾಡಿದರು.

"ಸೇದತಾನ್ರಿ. ಮೀಸಿ ಮೂಡಿದಾಗಿಂದ ಸೇದತಾನ. ನನಗ ಮೂಗಿಲ್ಲೇನು? ಹೇಳಿದರ ಬಿಡಸಬೇಕಾಗತದ, ಬಿಡಸಲಿಕ್ಕೆ ಆಗದಿದ್ದರ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತದ? ಅದಕ್ಕ ಕರುವಿನ ಮ್ಯಾಲ ಹಾಕಿ ಕೂತಿದ್ದೆ."

ಸಾಹೇಬರಿಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. ಅವರು ನಮ್ಮವರ ಅಂಗಿ ಪೂರಾ ಬಿಚ್ಚಿಸಿ, ಎದೆಯನ್ನು ಎದುರಿಂದ, ಬಗಲಿಂದ ನೋಡಿದರು. ಕಾಳು ತುಂಬುವ ಗುಡಾಣದಂತೆ ಅದು ದುಂಡಗಾಗಿತ್ತು. ದಿನಾ ನೋಡುವ ನನಗೆ ಅದು ಆಹಾರ ಹಿಡಿದ ಮೈಯಂತೆಯೇ ಕಂಡಿತ್ತು. ಬೆರಳು ಮಡಿಸಿ ತಟ್ಟಿದರು, ಬರಿದಾದ ಕೊಡದ ಸದ್ದು. ಆಮೇಲೆ ಆ ಪುಟ್ಟ ಬಟ್ಟಲನ್ನು ಮೊದಲಿನ ಜಾಗ ಬಿಟ್ಟು ಒಂದು ಪಕ್ಕೆಲುಬು ಕೆಳಗೆ ಅಂಟಿಸಿ ಯಂತ್ರ ನಡೆಸಿದರು. ಕಾಗದ ಹೊರಬಂತು. ಅಷ್ಟು ದಿನ ಏಳದ ಮೊನೆ, ಗಿಡ್ಡದಾದರೂ, ಎದ್ದು ನಿಂತಿತ್ತು.

ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಹಿಡಿದು ಅವರು ನಮಗೆ ತಿಳಿಸಿ ಹೇಳಿದರು. ಹೊಗೆ ತಿಂದ ಪುಪ್ಪುಸ, ಅಂದರೆ ಶ್ವಾಸಕೋಶ, ಹಿಗ್ಗಿ, ಒಳಗಿನ ಗಾಳಿ ಹೊರಹೋಗದೆ, ಉಬ್ಬಿಕೊಂಡೇ ಉಳಿದಿದೆ. ಅದು ಉಬ್ಬಿದ ಒತ್ತಡಕ್ಕೆ ಹೃದಯ ತನ್ನ ಜಾಗದಿಂದ ಕೆಳಗಿಳಿದು ಕೂತಿದೆ. ಎಲ್ಲರಲ್ಲೂ ಹೃದಯವಿರುವ ಕಡೆ ಇವರಲ್ಲಿ ಬರೀ ಗಾಳಿ. ಅಲ್ಲಿ ಬಟ್ಟಲಿಟ್ಟು ಕಿವಿಗೊಟ್ಟರೆ ಉತ್ತರ ಬಾರದು, ಉತ್ತರ ಬಾರದ್ದಕ್ಕೆ ಸತ್ತಿದೆಯೆಂದು ಓದಿಕೊಂಡದ್ದು. "ದಿಲ್ ಮಜಬೂತ್ ಅದರಿ. ಹಳೇ ಅಟ್ಯಾಕ್ ಅಂತ ನಾ ಅಂದಿದ್ದೆನಲ್ಲ, ಅದು ಆಗೇ ಇಲ್ಲ" ಎಂದರು. ಪುಪ್ಪುಸದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ, ಪುಪ್ಪುಸ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿದರೂ ಈ ಯಂತ್ರ ಹೀಗೇ ಬೇಸ್ತು ಬೀಳುವುದುಂಟಂತೆ; ತಂಬಾಕಿಲ್ಲವೆಂದು ನಾವು ಆಣೆ ಮಾಡದಿದ್ದರೆ ಅವರು ಅಂದೇ ಎದೆ ತಟ್ಟಿ ನೋಡುತ್ತಿದ್ದರಂತೆ. ಕೆಟ್ಟುಹೋದ ಪುಪ್ಪುಸ ಮತ್ತೆ ಹೊಸದಾಗುವುದಿಲ್ಲ, ಚುಟ್ಟಾ ಬಿಟ್ಟರೆ ಇದ್ದಷ್ಟು ಉಳಿಯುತ್ತದೆ, ಬಿಡದಿದ್ದರೆ ಇಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಅತ್ತೆ ಮಗನ ಕೈ ಎಳೆದು ತಮ್ಮ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದರು.

ಅಂದಿನಿಂದ ನನಗೆ ಪುಪ್ಪುಸದ ಮೇಲೆ ಒಂದು ಬಗೆಯ ಮರ್ಯಾದೆ, ಜೊತೆಗೆ ಗುಮಾನಿ. ನೀವೇ ಯೋಚಿಸಿ, ಹೃದಯಕ್ಕೆ ಲೋಕದಲ್ಲಿ ಎಂಥ ಮಾನ. ದೇವರು ಕೂರುವುದು ಅಲ್ಲಿ, ಪ್ರೇಮ ಹುಟ್ಟುವುದು ಅಲ್ಲಿ, ಕಲ್ಲಾದರೂ ಕರಗಿದರೂ ಅದರದೇ ಮಾತು. ಅದೇ ಓಣಿಯಲ್ಲಿ, ಎಡಕ್ಕೂ ಬಲಕ್ಕೂ, ಹಗಲಿರುಳೂ ದುಡಿಯುವ ಪುಪ್ಪುಸವನ್ನು ಯಾರಾದರೂ ಹಾಡಿದ್ದುಂಟೇ? ನನ್ನ ಪುಪ್ಪುಸ ನಿನಗೇ ಮೀಸಲು ಎಂದು ಯಾವ ಗಂಡಾದರೂ ಹೇಳಿದ್ದುಂಟೇ? ಕಡೆಗೆ ಅದು ಹೃದಯದ ಕಿರೀಟವನ್ನೇ ತಲೆಗಿಟ್ಟುಕೊಂಡು ಬಯಲಾಟದ ವೇಷದಂತೆ ರಂಗಕ್ಕೆ ಬಂದಿರಬೇಕು, ಹಾಗಾದರೂ ಜನ ತಿರುಗಿ ನೋಡಲೆಂದು. ಜಾಗದ ಮಾತಾದರೂ ವಿಚಿತ್ರವೇ. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಮುಂದೆ ರಾಜ್ಯ ಹಂಚಿದಾಗ ಮೆಹಬೂಬನಗರಕ್ಕೆ ಸೇರಿತು, ಗಂಗಕ್ಕನ ಮನೆಯ ಹೊಸ್ತಿಲು ಒಂದಂಗುಲವೂ ಅಲುಗಲಿಲ್ಲ. ನಮ್ಮವರ ಹೃದಯ ಮಾತ್ರ ಯಾವ ಸರಕಾರದ ಹುಕುಂ ಇಲ್ಲದೆ ತಾನೇ ಗಂಟುಮೂಟೆ ಕಟ್ಟಿಕೊಂಡು ಕೆಳಗಿನ ಮಜಲಿಗೆ ಇಳಿದಿತ್ತು. ಪಡಸಾಲೆಯ ಸಭೆ ಹುಡುಕಿದ ದಿನಗಳೆಲ್ಲ ಹೀಗೆ ಒಂದೇ ಮಧ್ಯಾಹ್ನದಲ್ಲಿ ರದ್ದಾದವು. ಬೀಸುವ ಕಲ್ಲು ಹೊತ್ತದ್ದು, ಹಿರಿಯ ಗುಮಾಸ್ತರ ಬಂಡಿಯ ಹಿಂದೆ ನಡೆದದ್ದು, ಇವೆಲ್ಲವನ್ನೂ ಆ ಹೃದಯ ಏಟು ತಿನ್ನದೆ ತಾಳಿಕೊಂಡಿತ್ತೆಂದು ತಿಳಿದಾಗ ನನಗೆ ಅದರ ಬಗ್ಗೆ ಹೆಮ್ಮೆಯೇ ಆಯಿತು.

ಅತ್ತೆ ಗದ್ವಾಲದಲ್ಲೇ ಉಳಿದರು. ನಾವಿಬ್ಬರೇ ಹೊಳೆ ದಾಟಿ, ಮಕ್ತಲ್ ಕಡೆಗೆ ಎತ್ತಿನ ಬಂಡಿ ಹತ್ತಿದೆವು. ಜೋಳದ ಹೊಲಗಳ ನಡುವೆ ಬಂಡಿ ನಡೆದಿತ್ತು. ಹೃದಯ ಗಟ್ಟಿಯಿದೆಯೆಂದು ಡಾಕ್ಟರರೇ ಹೇಳಿದ ಮೇಲೆ ನನ್ನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಂತಾಗಿತ್ತು, ಅವರು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವರು ಶುರುಮಾಡಿದರು.

"ನೀ ಅವ್ವನ ಮುಂದ ಹಂಗ ಅನಬಾರದಿತ್ತು."

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮದುವೆಯಾದಂದಿನಿಂದ ನಾನು ಅವರ ಮಾತಿನ ಬಾಲ ನೋಡಿದವಳಲ್ಲ. ತಲೆ ಕಂಡರೆ ಸಾಕು, ಅಲ್ಲಿಗೇ ಹಿಡಿಯುತ್ತಿದ್ದೆ. ಆದರೆ ಅವರು ಒಂದು ಕೈಯನ್ನು ಮೇಲೆತ್ತಿ, ತಡಿ ಎಂದು ಸನ್ನೆ ಮಾಡಿದರು. ಮಾತು ಮುಗಿದಿರಲಿಲ್ಲ, ಉಸಿರು ಮುಗಿದಿತ್ತು. ಎದೆ ಏರಿತು, ಇಳಿಯಲೊಲ್ಲದೆ ನಿಂತಿತು, ಸಿಳ್ಳೆಯೊಡನೆ ಇಳಿಯಿತು. ಇನ್ನು ಮುಂದೆ ಈ ಮನುಷ್ಯನ ಪ್ರತಿ ಮಾತೂ ಹೀಗೆ ತುಂಡಾಗಿ ಬರುತ್ತದೆಂದು ನನಗೆ ಆಗ ಅರ್ಥವಾಯಿತು. ನಾಲಗೆಯ ತುದಿಯ ಉತ್ತರವನ್ನು ಅಲ್ಲೇ ತಡೆದಿಟ್ಟುಕೊಂಡೆ. ಎತ್ತುಗಳು ಒಂದು ಹೊಲ ದಾಟಿದವು.

"ಆದರ ಅಂದಿದ್ದು ಚಲೋ ಆತು," ಎಂದರು. ಮತ್ತೆ ಉಸಿರೆಳೆದು, "ನೀ ಸುಮ್ಮ ಇದ್ದಾಗ ನನಗ ಭಾಳ ಹೆದರಿಕಿ ಆಗತಿತ್ತು," ಎಂದರು.

ನನಗೆ ಅಳು ಬಂತು, ಅಳುತ್ತಲೇ ಸಿಟ್ಟೂ ಬಂತು. "ಅಷ್ಟು ಹೆದರಿಕಿ ಆದರ ಬಾಯಿ ಬಿಟ್ಟು ಹೇಳಬೇಕೋ ಬ್ಯಾಡೋ? ಸಾರು ನೀರಾಗ್ಯದ ಅಂದರ ನನಗ ಹ್ಯಾಂಗ ತಿಳೀಬೇಕು?" ಎಂದು ಹಿಡಿದೆ. ಅವರು ಕಣ್ಣರಳಿಸಿ ನನ್ನ ಕಡೆ ತಿರುಗಿ ಕೂತರು. ಮಕ್ತಲ್ ಬರುವವರೆಗೂ ಜಗಳವಾಡಿದೆವು. ಅವರ ಸರದಿ ಬಂದಾಗಲೆಲ್ಲ ನಾನು ಕಾದೆ.